ಕೆಟ್ಟುಹೋದ ಪ್ಲೇಟು

"ಕೈ ನಡುಗಿತ್ರಿ," ಎಂದ ಗೌಸಮೊಹಿದ್ದೀನ. "ಫೋಟೋ ಬಂದಿಲ್ಲ."

ದೇವೀಂದ್ರಪ್ಪ ಆ ಕೈಗಳನ್ನೇ ನೋಡಿದ. ಆಳಂದದ ಆ ಸಣ್ಣ ಸ್ಟುಡಿಯೋದ ಮೇಜಿನ ಮೇಲೆ ಅವು ಅಲುಗದೆ ಬಿದ್ದಿದ್ದವು.

ದೇವೀಂದ್ರಪ್ಪನ ಪಕ್ಕದಲ್ಲಿ ತಂಗಿ ಶಿವಕಾಂತಾ ನಿಂತಿದ್ದಳು. ಅಪ್ಪ ಜಗದೇವಪ್ಪ ಹೋದನೆಂದು ಕೇಳಿ ಜೇವರ್ಗಿಯ ಗಂಡನ ಮನೆಯಿಂದ ಹೊರಟವಳು. ಭೀಮಾ ನದಿ ತುಂಬಿ ದೋಣಿ ನಿಂತಿತ್ತು. ಅವಳು ತವರೂರು ನರೋಣಾ ಮುಟ್ಟುವಷ್ಟರಲ್ಲಿ ಅಪ್ಪ ಹೊಲದಲ್ಲಿ ಮಣ್ಣಾಗಿದ್ದ. ಬದುಕಿದ್ದಾಗ ಅವನು ಕ್ಯಾಮೆರಾದ ಮುಂದೆ ಕೂತವನಲ್ಲ. ಮಗಳಿಗೆ ಅಪ್ಪನ ಮುಖ ಸಿಗುವುದಿದ್ದರೆ ಮಣ್ಣು ಮಾಡುವ ಮುಂಚೆ ತೆಗೆಸಿದ ಈ ಒಂದು ಫೋಟೋದಲ್ಲಿ.

"ಮಸುಕು ಬಂದಿದ್ರೂ ಕೊಡ್ರಿ ಚಾಚಾ," ಎಂದಳು. "ಮೀಸಿ ಕಂಡ್ರೂ ಸಾಕು. ನಾ ಗುರ್ತ ಹಿಡೀತೇನಿ."

"ಏನೂ ಇಲ್ಲ ಯವ್ವಾ. ಪ್ಲೇಟಿನ ಗಾಜು ಒಡದು ಹಾಕೇನಿ."

ದೇವೀಂದ್ರಪ್ಪ ನಕ್ಕ. "ಕೂಸಿನ ಫೋಟೋ ಕೆಟ್ರ ತಿಳೀತದ ಗೌಸಸಾಬ. ಅಲುಗದೇ ಕುಂತವರದೂ ಕೆಡಸ್ತೀರಿ? ಇಷ್ಟು ವರ್ಷ ನಿಮ್ಮ ನಸೀಬು ದುಡದದ. ನಾವು ಕಸಬು ಅಂತ ತಿಳಕೊಂಡಿದ್ದೆವು."

ಇಂಥ ಮಾತಿಗೆ ಗೌಸಮೊಹಿದ್ದೀನ ಬಜಾರಿನಲ್ಲಿ ಎಷ್ಟೋ ಸಲ ಜಗಳಕ್ಕೆ ನಿಂತಿದ್ದ. ನಸೀಬಿನಿಂದ ಎಲ್ಲೋ ಒಂದು ಫೋಟೋ ಬಂದೀತು, ಉಳಿದದ್ದೆಲ್ಲ ಕೈಕೆಲಸ ಎನ್ನುತ್ತಿದ್ದ. ಇಂದು ಜಗಳವಾಡಲಿಲ್ಲ.

"ಹೌದ್ರಿ. ನಸೀಬು," ಎಂದ.

ಅವನು ದಣಿದಿದ್ದ. ಆ ಮಳೆಗಾಲ ಊರೂರಿಗೆ ವಾಂತಿಭೇದಿ ಹಬ್ಬಿತ್ತು. ಮದುವೆಯ ಗಿರಾಕಿಗಳು ನಿಂತರು, ಸತ್ತವರ ಮನೆಯವರು ಬಂದರು. ಯುದ್ಧದ ದಿನಗಳು; ಪ್ಲೇಟು ಸಿಗುತ್ತಿರಲಿಲ್ಲ. ಒಂದು ಹೆಣಕ್ಕೆ ಒಂದೇ ಪ್ಲೇಟು.

ಆ ದಿನ ನರೋಣಾದ ಇನ್ನೊಂದು ಸಾವಿನ ಮನೆಗೆ ಹೋಗಿದ್ದವನನ್ನು ದೇವೀಂದ್ರಪ್ಪನೇ ತನ್ನ ಮನೆಗೆ ಕರೆದೊಯ್ದಿದ್ದ. ಬೆಳಗಿನ ಜಾವ ಜಗದೇವಪ್ಪನ ಮೈ ತಣ್ಣಗಾಗಿತ್ತು, ನಾಡಿ ಸಿಕ್ಕಿರಲಿಲ್ಲ. ರೋಗದ ಹೆಣ ಇಟ್ಟುಕೊಳ್ಳಬಾರದೆಂದು ಹಿರಿಯರು ಅವಸರ ಮಾಡಿದರು. ಕುಣಿ ತೋಡಿ ಮುಗಿದಿತ್ತು. ಅವರ ಪದ್ಧತಿಯಂತೆ ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹಾರ ಹಾಕಿದ್ದರು.

ಮೋಡದ ಮಬ್ಬು. ಲೆನ್ಸಿನ ಮುಚ್ಚಳ ಹೆಚ್ಚು ಹೊತ್ತು ತೆಗೆದಿಡಬೇಕಿತ್ತು; ಅಷ್ಟರಲ್ಲಿ ಅಲುಗಿದ್ದು ಮಸುಕಾಗುತ್ತದೆ. ಗೌಸಮೊಹಿದ್ದೀನ ಕ್ಯಾಮೆರಾದ ಕಾಲುಗಳಿಗೆ ಕಲ್ಲು ಒತ್ತಿಟ್ಟ. ಎಡಬಲಕ್ಕೆ ನಿಂತ ಮಕ್ಕಳಾದ ದೇವೀಂದ್ರಪ್ಪ, ಮಲ್ಕಪ್ಪರಿಗೆ, "ಉಸುರು ಬಿಗಿ ಹಿಡೀರಿ" ಎಂದ. ಹಿಡಿದರು. ಮುಚ್ಚಳ ತೆಗೆದ, ಮನಸ್ಸಿನಲ್ಲಿ ಎಣಿಸಿದ, ಮುಚ್ಚಿದ. ಅವನು ಗಾಡಿ ಹತ್ತುವಾಗ ಹೆಣದ ಮುಂದೆ ಭಜನೆಯವರು ಹೊಲದ ದಾರಿ ಹಿಡಿದಿದ್ದರು. ಪ್ಲೇಟು ತೊಳೆದು ಚಿತ್ರ ಮೂಡಿಸಿದ್ದು ಮರುದಿನ, ಆಳಂದದಲ್ಲಿ.

"ಇನ್ನ ನಮ್ಮೂರ ಕಡಿ ಬರಬ್ಯಾಡ್ರಿ," ಎಂದು ದೇವೀಂದ್ರಪ್ಪ ಮೆಟ್ಟಿಲಿಳಿದ. "ತಾಲೂಕಿಗೆಲ್ಲ ಹೇಳ್ತೇನಿ."

"ಹೇಳ್ರಿ."

ಶಿವಕಾಂತಾ ಬಾಗಿಲಲ್ಲೇ ಉಳಿದಳು. "ನೀವರೆ ನೋಡೀರಲ್ಲ ಚಾಚಾ. ಮುಖ ಹೆಂಗಿತ್ತು?"

ಅವನು ಮೇಜಿನ ಮೇಲಿನ ಕೈಗಳನ್ನು ಹಿಂದಕ್ಕೆ ಎಳೆದುಕೊಂಡ.

"ಮಲಗಿದಂಗಿತ್ತು ಯವ್ವಾ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಅಣ್ಣನ ಹಿಂದೆ ಹೋದಳು.

ಒಳಗಿನಿಂದ ಹೆಂಡತಿ ಕುಲಸುಮಬಿ ಎಲ್ಲ ಕೇಳಿಸಿಕೊಂಡಿದ್ದಳು. "ನಿಮ್ಮ ಕೈ ಎಂದು ನಡುಗ್ಯಾದ?" ಎಂದಳು. "ಹೊಟ್ಟಿಗಿ ಹಾಕೋ ಕೈಗೆ ನೀವೇ ಕೆಟ್ಟ ಹೆಸರು ತರ್ತೀರಿ. ಎಲ್ಲದ ಪ್ಲೇಟು?"

ಅವನು ಗೂಡಿನ ಕಡೆ ಕಣ್ಣು ತೋರಿಸಿದ. ಬಟ್ಟೆಯೊಳಗೆ ಗಾಜು ಇಡಿಯಾಗಿಯೇ ಇತ್ತು.

ಕುಲಸುಮಬಿ ಮದುವೆಯಾಗಿ ಬಂದಂದಿನಿಂದ ಪ್ಲೇಟು ತೊಳೆದವಳು. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುವ ಗಾಜನ್ನು ಓದಬಲ್ಲಳು. ಕಿಟಕಿಯ ಬೆಳಕಿಗೆ ಹಿಡಿದಳು. ಗೋಡೆಯ ಬಿರುಕು ಸ್ಪಷ್ಟವಾಗಿತ್ತು. ದೀಪದ ಕುಡಿ ಗಾಳಿಯಿಲ್ಲದೆ ನೆಟ್ಟಗೆ ನಿಂತಿತ್ತು. ಮಕ್ಕಳಿಬ್ಬರ ಅಂಗಿಯ ಗುಂಡಿಗಳು ಕೂಡ ಕಾಣುತ್ತಿದ್ದವು.

"ಇಷ್ಟು ಚಂದ ನೀವು ಎಂದೂ ತಗದಿಲ್ಲ," ಎಂದವಳು, ನಡುವೆ ಕೂತವನ ಮೇಲೆ ಕಣ್ಣು ಬಿದ್ದು ಗಾಜನ್ನು ಇನ್ನೂ ಹತ್ತಿರ ಹಿಡಿದಳು.

ಜಗದೇವಪ್ಪನ ಎದೆಯ ಮೇಲಿನ ಹಾರ ಮಾತ್ರ ಏರಿ ಇಳಿದು ಮಸುಕಾಗಿತ್ತು.