ಎಡ ಗಾಲಿಯ ಅಪಘಾತ

"ಗಾಲಿ ಮುರದೈತಿ, ರೊಕ್ಕ ಕೊಡ್ರಿ! ಸ್ಟೆಪ್ನಿ ಮ್ಯಾಲ ಎಷ್ಟ ದಿನ ದುಡೀಲಿ?" ಟ್ಯಾಕ್ಸಿ ಓಡಿಸುವ ಮಾಬುಸಾಬ ವಿಮಾ ಕಚೇರಿಯ ಮೇಜು ಗುದ್ದಿದ.

"ನಿಮ್ಮ ಅಪಘಾತ ಹೆಂಗ ಆಗಬೇಕಂತ ಹೋದ ತಿಂಗಳೇ ನೋಟಿಸು ಕಳಿಸಿದ್ವಿ," ಎಂದಳು ಅಧಿಕಾರಿ ಶೈಲಜಾ. "ಅದರಾಗ ಎಡ ಗಾಲಿ ಅಂತ ಇತ್ತು. ನೀವು ಬಲಕ್ಕ ತಿರುಗಿಸಿ ಬಲ ಗಾಲಿ ಯಾಕ ಮುರಕೊಂಡ್ರಿ?"

"ಎಡಕ್ಕ ಸೈಕಲ್ ಮ್ಯಾಲ ಸಾಲಿ ಹುಡುಗಿ ಇದ್ಲವ್ವಾ! ಕೊಲ್ಲಬೇಕಿತ್ತೇನು?"

"ಆಕೀದೂ ನಮ್ಮಲ್ಲೇ ಪಾಲಿಸಿ ಐತ್ರಿ. ಈಗ ಇಬ್ಬರದೂ ಅಪಘಾತ ಬಾಕಿ ಉಳಕೊಂಡ್ವು. ಸೋಮವಾರ ಅದೇ ಚೌಕ, ಅದೇ ಹುಡುಗಿ, ನಿಮ್ಮದೇ ಕಾರು. ಈ ಸಲ ತಿರುಗಿಸಬ್ಯಾಡ್ರಿ, ಎರಡೂ ಗಾಲಿ ರೊಕ್ಕ ಕೊಡ್ತೀವಿ."

ಮಾಬುಸಾಬ ಕಾರಿನ ಕೀಲಿಯನ್ನು ಅವಳ ಮುಂದೆ ಎಸೆದ.

"ಕಾರು ನೀವೇ ಇಟ್ಕೊಳ್ರಿ. ಆಕೀ ಮ್ಯಾಲ ಯಾರು ಗಾಡಿ ಹಾಯಿಸ್ತಾರ ನೋಡೂಣು!"

ಬಿರುಸಾಗಿ ಹೊರನಡೆದವನು, ಸೋಮವಾರ ಕಳೆದ ಮೇಲೂ, ಕಾರು ಕೇಳಿಕೊಂಡು ಬರಲಿಲ್ಲ.