ನೀಲವ್ವನ ಸೆರಗು

ಆಸೆಯಾದರೆ ಕಿವಿಯ ಹಾಲೆ ಕೆಂಪಗೆ ಬೆಳಗುವ ಕಾಲವದು. ಮಾನ ಉಳಿಸಿಕೊಳ್ಳಲು ಗಂಡಸರು ಬೇಸಿಗೆಯಲ್ಲೂ ಮಫ್ಲರ್ ಕಟ್ಟುತ್ತಿದ್ದರು. ಪ್ರಾಸ್ಟೇಟ್ ಆಪರೇಷನ್ ಆದಮೇಲೆ ಚನ್ನವೀರಪ್ಪನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ನರ ಚೇತರಿಸಿಕೊಳ್ಳಲು ವರ್ಷ ಬೇಕೆಂದಿದ್ದರು ಡಾಕ್ಟರು. ಅವನು ನಾಚಿ ಹಾಸಿಗೆಯನ್ನು ಪಡಸಾಲೆಗೆ ಒಯ್ದಿದ್ದ. ಅಂದಿನಿಂದ ಹೆಂಡತಿ ನೀಲವ್ವ ಕಿವಿ ಮುಚ್ಚುವಂತೆ ಸೆರಗು ಹೊದ್ದು, ಕೇಳಿದರೆ ಥಂಡಿ ಎನ್ನುತ್ತಿದ್ದಳು. ಆ ಮಾತು ನಂಬಿ, ಅವಳ ಆಸೆಯೂ ಆರಿತೆಂದುಕೊಂಡಿದ್ದ ಅವನು.

ಇಂದು ರೊಟ್ಟಿ ಬಡಿಯುವಾಗ ಆ ಸೆರಗು ಜಾರಿತು. ಅವಳ ಎರಡೂ ಕೈ ಹಿಟ್ಟಾಗಿದ್ದವು. ಸರಿಪಡಿಸಲು ಬಗ್ಗಿದ ಚನ್ನವೀರಪ್ಪ ನೋಡುತ್ತಾನೆ, ಅವಳ ಕಿವಿ ಒಲೆಯ ಕೆಂಡದಂತೆ ಹೊಳೆಯುತ್ತಿದೆ.

"ಯಾವಾಗಿಂದ ಹಿಂಗ?"

"ಆಪರೇಷನ್ ಮಾಡಿದ್ದು ನಿಮಗ, ನನಗಲ್ಲಲ್ಲ," ಎಂದಳು ನೀಲವ್ವ ರೊಟ್ಟಿ ತಿರುವುತ್ತ. "ಹಾಸಿಗಿ ಒಳಗ ತರ್ರಿ."

ಅವನು ಎದ್ದ. ಅವಳು ಅವನ ಮುಖ ನೋಡಿ ನಕ್ಕಳು.

"ಮೊದಲ ಮಫ್ಲರ್ ಕಟ್ಕೋರಿ. ಬಾಗಲಾ ತಗದೈತಿ."