ಗಲ್ಲದ ಮೇಲಿನ ಕೈ

"ನಿಮ್ಮ ರಕ್ತ ತೀರಾ ದಪ್ಪವಾಗಿದೆ ಲಿಯೋನೆಲ್. ಈ ತಲೆನೋವು, ಕಾಲಿನ ಬಾವು ಎಲ್ಲ ಆ ಗಂಡು ಹಾರ್ಮೋನಿನ ಇಂಜೆಕ್ಷನಿನದ್ದೇ. ನಿಲ್ಲಿಸುವ, ಅಲ್ವಾ?" ಎಂದರು ಮಣಿಪಾಲದ ಡಾಕ್ಟರು.

ಲಿಯೋನೆಲ್ ಗಲ್ಲ ಮುಚ್ಚಿಕೊಂಡ. ಹುಡುಗನಾಗಿದ್ದಾಗ ಮಂಗನಬಾವು ವೃಷಣಕ್ಕಿಳಿದು ಕಿತ್ತುಕೊಂಡಿದ್ದ ಗಡ್ಡ ಆ ಇಂಜೆಕ್ಷನಿನಿಂದ ಈ ವರ್ಷವಷ್ಟೇ ಬಂದಿತ್ತು. "ಬೋಳಿಸಲಿಕ್ಕೆ ಎಂತ ಉಂಟು ಮಾರಾಯ?" ಎನ್ನುತ್ತಿದ್ದ ಕಾಪುವಿನ ಕ್ಷೌರಿಕ ಈಗ ಕುರ್ಚಿ ಒರೆಸಿ ಕೊಡುತ್ತಿದ್ದ. "ಬೇರೆ ದಾರಿ ಇಲ್ವಾ ಡಾಕ್ಟ್ರೇ?"

"ಉಂಟು. ಇಂಜೆಕ್ಷನ್ ಕಡಿಮೆ ಮಾಡಿ, ಒಂದು ಬಾಟಲಿ ರಕ್ತ ತೆಗೆಯಬೇಕು. ದಪ್ಪ ಎನ್ನುವುದು ಬಿಟ್ಟರೆ ಆ ರಕ್ತಕ್ಕೆ ದೋಷವಿಲ್ಲ, ಬೇರೆಯವರಿಗೆ ಕೊಡಬಹುದು. ಒಳಗೆ ಒಬ್ಬ ಬಾಣಂತಿಗೆ ನಿಮ್ಮದೇ ಗುಂಪಿನ ರಕ್ತ ಬೇಕು. ಅವಳ ಗಂಡ, ಅಣ್ಣಂದಿರು ಕೊಡುವುದಿಲ್ಲವಂತೆ. ಕೊಟ್ಟರೆ ಗಂಡಸುತನ ಹೋಗುತ್ತದಂತೆ."

ಲಿಯೋನೆಲ್ ಜಗಲಿಯತ್ತ ನೋಡಿದ. ದಪ್ಪ ಮೀಸೆಯ ಮೂವರು ತಲೆ ತಗ್ಗಿಸಿ ಕೂತಿದ್ದರು.

"ಹೋದರೆ ಹೋಗಲಿ ಡಾಕ್ಟ್ರೇ," ಎಂದು ಅವನು ಗಲ್ಲದಿಂದ ಕೈ ತೆಗೆದು ಅಂಗಿಯ ತೋಳು ಮಡಚತೊಡಗಿದ.